ಸಂಜೆಗೆ ಎದ್ದು ನಿಲ್ಲುತ್ತಿದ್ದ ಮೇಜು

ಇವತ್ತು ಅಂಗಡಿಯೊಂದರಲ್ಲಿ ಗೋಡೆಗೆ ಮಡಚಿಡುವ ಮೇಜು ನೋಡಿದೆ. ಹೊಸ ವಿನ್ಯಾಸವಂತೆ. ನಗು ಬಂತು.

ಬೆಳಗೋಡಿನ ನಮ್ಮ ಮನೆಗೆ ಹೊಸ ಬಾಗಿಲು ಕೂರಿಸಿದಾಗ ಹಳೆಯ ಹಲಸಿನ ಬಾಗಿಲನ್ನು ಅವ್ವ ಸೌದೆಗೆ ಬಿಡಲಿಲ್ಲ. ಪಡಸಾಲೆಯಲ್ಲಿ ಎರಡು ಪೆಟ್ಟಿಗೆಗಳ ಮೇಲೆ ಮಲಗಿಸಿ, ಹೊಲಿಗೆ ಯಂತ್ರ ಇಟ್ಟುಕೊಂಡಳು. ಅಜ್ಜಿ ಸಿಡುಕಿದರು.

"ದೀಪ ಹಚ್ಚೋ ಹೊತ್ನಲ್ಲಿ ಬಾಗ್ಲು ಮಲ್ಗಿರಬಾರ್ದು ಕಣವ್ವ. ಲಕ್ಷ್ಮಿ ಹೆಂಗೆ ಬತ್ತಾಳೆ?"

"ಸಂಜೆಗೆ ಎಬ್ಬಿಸಿದ್ರಾಯ್ತು ಬುಡಿ ಅತ್ತೆ."

ಅಪ್ಪನ ಕೈಯಲ್ಲಿ ಬಾಗಿಲು ಹಿಡಿಸಿ, ಅದರ ಹಳೆಯ ಕೀಲುಗಳನ್ನೇ ಗೋಡೆಯ ಮರದ ಪಟ್ಟಿಗೆ ಅವ್ವ ತಾನೇ ಬಡಿದಳು. ಹಗಲೆಲ್ಲ ಅದರ ಮೇಲೆ ಅವಳ ಹೊಲಿಗೆ, ನಮ್ಮ ಮಗ್ಗಿ, ಅಪ್ಪ ಬಿಚ್ಚಿ ಹರವಿದ ರೇಡಿಯೊ. ಸಂಜೆಯಾದರೆ ಸಾಮಾನೆಲ್ಲ ಪೆಟ್ಟಿಗೆಯೊಳಗೆ, ಬಾಗಿಲು ಎದ್ದು ಗೋಡೆಗೆ. ಅಜ್ಜಿ ಅದಕ್ಕೆ ಕುಂಕುಮ ಇಡುತ್ತಿದ್ದರು.

"ಇದ್ರ ಹಿಂದೆ ಬರೀ ಗೋಡೆ ಐತಲ್ಲ ಅಜ್ಜಿ, ಲಕ್ಷ್ಮಿ ಹೆಂಗೆ ಬತ್ತಾಳೆ?" ಎಂದು ಒಮ್ಮೆ ಕೇಳಿದೆ.

"ಇರ್ಲಿ ಬುಡು. ಬೇಕಾದ್ರೆ ನಿಮ್ಮವ್ವ ಆ ಗೋಡೇನೂ ಬಿಚ್ತಾಳೆ."

ಸೊಸೆಯನ್ನು ಅಜ್ಜಿ ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಂಗಡಿಯಲ್ಲಿ ದೀಪ ಹಾಕಿದರು. ಮೇಜು ಇನ್ನೂ ಮಲಗಿಯೇ ಇತ್ತು. ಯಾರೂ ನೋಡದಾಗ ಎತ್ತಿ ನಿಲ್ಲಿಸಿ ಬಂದೆ.