ಹೊಸ್ತಿನ ಕದಿರು ತಂದ ಗಂಗೆ

ನವರಾತ್ರಿಯ ಹೊತ್ತಿಗೆ ಶೆಟಗೇರಿಯ ಗದ್ದೆಗಳು ಹಳದಿಗೆ ತಿರುಗುತ್ತವೆ. ಆಗ ಗಂಗೆ ಹೊಸ ಭತ್ತದ ಕದಿರಿನ ಕಟ್ಟು ಹಿಡಿದು ಅಂಕೋಲೆಯ ಬಸ್ಸು ಹತ್ತುತ್ತಾಳೆ. ಈ ವರ್ಷವೂ ಹತ್ತಿದಳು.

“ನಿಂಗೆ ಫ್ರೀ. ಕದ್ರಿಗೆ ಟಿಕೆಟ್ ಬೇಕು,” ಎಂದ ಕಂಡಕ್ಟರ್.

“ಅದೂ ಹೆಣ್ಣೇ. ಸುಮ್ನಿರಾ.”

ಎಷ್ಟೋ ದಿನದ ಮೇಲೆ ಅವಳು ಆಡಿದ ತಮಾಷೆಯ ಮಾತು ಅದು. ಗಂಡ ಬೀರಾ ಮಳೆ ಹಿಡಿಯುವ ಹೊತ್ತಿಗೆ ತೀರಿಕೊಂಡಿದ್ದ. ವರ್ಷ ತುಂಬುವವರೆಗೆ ಮನೆಯಲ್ಲಿ ಹಬ್ಬವಿಲ್ಲ, ಬಾಗಿಲಿಗೆ ಕದಿರು ಕಟ್ಟುವಂತಿಲ್ಲ. ಅದಕ್ಕೇ ಪಕ್ಕದ ಹೊನ್ನುವಿನ ಗದ್ದೆಯಲ್ಲಿ ಕೇಳಿ ಕೊಯ್ದುಕೊಂಡಿದ್ದಳು.

ಪೇಟೆಯ ದೇವಕಮ್ಮನಿಗೆ ಗದ್ದೆಯಿಲ್ಲ. ಹೊಸ ಬೆಳೆಯ ಹಬ್ಬಕ್ಕೆ ಅವರ ಬಾಗಿಲಿಗೆ ಹೊಸ್ತಿನ ಕದಿರು ಕಟ್ಟುವುದು ಮೊದಲಿನಿಂದಲೂ ಗಂಗೆಯೇ. ಅಂಕೋಲೆಯ ಎಷ್ಟೋ ಕೂಸುಗಳನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಮೂಗು ನೀವಿ, ನೀರು ಹಾಕಿದ ಕೈ ಅದು. ಬಾಣಂತನ ಮುಗಿದರೆ ಆ ಕೂಸುಗಳು ಅವರವರ ಮನೆಯವು. ಅವಳಿಗೆಂದು ಒಂದೂ ಆಗಲಿಲ್ಲ. ದೇವಕಮ್ಮನ ಮೊಮ್ಮಗಳು ಪ್ರಣತಿ ಮಾತ್ರ ಹಬ್ಬಕ್ಕೆ ಕಾರವಾರದಿಂದ ಬರುತ್ತಾಳೆ. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಗಂಗೆ ಕದಿರು ಕಟ್ಟುವುದು. ಈ ವರ್ಷವೂ ಕಟ್ಟಗೊಡುತ್ತಾರೋ ಇಲ್ಲವೋ? ಉಪ್ಪಿನ ಸತ್ಯಾಗ್ರಹದ ಭವನ ದಾಟಿ ಓಣಿ ಹೊಕ್ಕರೂ ಅದೇ ಯೋಚನೆ.

ದೇವಕಮ್ಮ ಜಗಲಿಯಲ್ಲೇ ಇದ್ದರು.

“ಗಂಗೆ, ಈ ವರ್ಷ ನಿಂಗೆ ಹಬ್ಬ ಇಲ್ಲ ಅಲ್ದನೆ?”

“ಹೊನ್ನು ಗದ್ದೇದು ಅಮ್ಮಾ. ನಮ್ಮನೇದಲ್ಲ.”

“ಗದ್ದೆ ಅವಳದ್ದು. ಕೈ ನಿಂದೇ ಅಲ್ದಾ?” ದೇವಕಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. “ಬೇಜಾರ ಮಾಡ್ಕಬೇಡ. ಕಟ್ಟೆ ಮೇಲಿಡು, ನಮ್ಮ ಅಮೃತ್ ನೀರು ಹಾಕಿ ಕಟ್ತಾನೆ. ನೀ ಉಂಡ್ಕಂಡೇ ಹೋಗು.”

ಗಂಗೆ ಇಟ್ಟಳು.

ಅಷ್ಟರಲ್ಲಿ ಸೊಸೆ, ಅಮೃತನ ಹೆಂಡತಿ ಅನಘಾ ಪ್ರಣತಿಯನ್ನೆತ್ತಿಕೊಂಡು ಬಂದಳು. “ಗಂಗಕ್ಕ, ನಿನ್ನೆಯಿಂದ ಇವಳಿಗೆ ಕೆಮ್ಮು. ಸಿರಪ್ ಕೊಟ್ಟೆ, ಹಬೆ ಕೊಟ್ಟೆ, ನಿದ್ದೇನೇ ಇಲ್ಲ. ನಂಗೆ ಭಯ ಆಗ್ತಿದೆ. ನಿಮ್ಮ ಕೈಯಲ್ಲೇ ಸ್ವಲ್ಪ ಎಣ್ಣೆ ತಿಕ್ಕಿ, ಪ್ಲೀಸ್.”

ದೇವಕಮ್ಮ ಎದ್ದು ಒಳಗೆ ಹೋದರು. ಒಳಗಿಂದ ಬೆಚ್ಚನೆಯ ಎಣ್ಣೆ ಬಂತು.

ಗಂಗೆ ಜಗಲಿಯ ತುದಿಯಲ್ಲಿ ಕಾಲು ಚಾಚಿ ಕೂತು ಮಗುವನ್ನು ಮಲಗಿಸಿಕೊಂಡಳು. “ಎಷ್ಟುದ್ದ ಆಗಿದ್ಯೇ? ನನ್ನ ಕಾಲೇ ಸಾಲೂದಿಲ್ಲ ನಿಂಗೆ.”

“ನಿಂದೇ ಗಿಡ್ಡ,” ಎಂದಳು ಪ್ರಣತಿ. ಗಂಗೆ ಎದೆ, ಬೆನ್ನು, ಪಾದ ತಿಕ್ಕುತ್ತ ಹೋದಂತೆ ಕೆಮ್ಮು ಇಳಿದು ಮಗು ಹಾಗೇ ನಿದ್ದೆ ಹೋಯಿತು. ಆಚೆ ಅಮೃತ್ ಬಾಗಿಲಿಗೆ ಕದಿರು ಕಟ್ಟುತ್ತಿದ್ದ. ಗಂಗೆ ಆ ಕಡೆ ತಿರುಗಲಿಲ್ಲ.

ಜಾಗಟೆ ಕೇಳಿತು. ಅನಘಾ, “ಪೂಜೆಗೆ ಕರೀತಿದಾರೆ,” ಎಂದು ಮಗುವನ್ನು ಮೆಲ್ಲಗೆ ಎತ್ತಿಕೊಂಡು ಒಳಗೆ ಹೋದಳು.

ಗಂಗೆ ಚಾಚಿದ ಕಾಲು ಮಡಚಲಿಲ್ಲ. ಅಂಗೈಯಲ್ಲಿ ಇನ್ನೂ ಎಣ್ಣೆಯಿತ್ತು. ಸ್ವಲ್ಪ ಹೊತ್ತು ನೋಡಿ, ತನ್ನ ತಲೆಗೇ ಒರೆಸಿಕೊಂಡಳು.