ಮುನಿಗಂಗಮ್ಮನ ಕರಿ ಉಂಡೆ

ನಮ್ಮತ್ತೆ ಮುನಿಗಂಗಮ್ಮ ಉದ್ದನಪಲ್ಲಿಯಲ್ಲಿ ಮದ್ದು ತೆಗೆಯುವವರು. ಆಗದವರು ಅನ್ನದಲ್ಲಿ ಮದ್ದು ಇಕ್ಕುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಸವೆಸುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅಂಥವರು ಬೆಳಗ್ಗೆ ಬರಿಹೊಟ್ಟೆಯಲ್ಲಿ ಬರುತ್ತಿದ್ದರು. ಅತ್ತೆ ಸೊಪ್ಪಿನ ರಸ ಕುಡಿಸಿ, ವಾಂತಿ ಮಾಡಿಸಿ, ಅದನ್ನು ನೀರಲ್ಲಿ ತೊಳೆದು ಕರಿ ಉಂಡೆಯೊಂದನ್ನು ಎತ್ತಿ ತೋರಿಸುತ್ತಿದ್ದರು. "ಹೋಯ್ತು ಬುಡು" ಎಂದರೆ ಅರ್ಧ ಕಾಯಿಲೆ ಅಲ್ಲೇ ವಾಸಿ.

ಆ ಉಂಡೆ ಕಟ್ಟುತ್ತಿದ್ದವಳು ನಾನು. ಹುಣಸೆಹಣ್ಣು, ಮಸಿ, ನನ್ನ ಬಾಚಣಿಗೆಯ ಕೂದಲು. ಆದರೆ ಮದ್ದು ಇಕ್ಕಿದವರು ಯಾರೆಂದು ಅತ್ತೆ ಎಂದೂ ಹೆಸರೆತ್ತಿದವರಲ್ಲ. ಮೋಸಕ್ಕೂ ಒಂದು ಮಿತಿ ಬೇಡವೇ!

ಎಂಬತ್ತೊಂಬತ್ತರ ಮಾಗಿ. ಮಂಜಿನಲ್ಲಿ ಹುರುಳಿ ಹೊಲ, ಬೇಲಿ, ಹೊಂಗೆಮರ ಎಲ್ಲ ತೇಲುತ್ತಿದ್ದವು. ಸೊಪ್ಪು ಅರೆಯುತ್ತ ನಾನು ತೂಕಡಿಸುತ್ತಿದ್ದೆ. ಆ ಬೆಳಗು ಕಂಡದ್ದೋ ಕನಸೋ ಎಂದು ಇವತ್ತಿಗೂ ಅನುಮಾನ. ಮಂಜಿನೊಳಗಿಂದ ಮೂವರು ಮೆಲ್ಲಗೆ ಬಂದರು. ಬೊಂಬಾಯಿಗೆ ಲಾರಿ ಓಡಿಸುತ್ತಿದ್ದ ಪಾಪಯ್ಯ, ಅವನ ತಾಯಿ ಪಿಳ್ಳಮ್ಮ, ದೂರದಲ್ಲಿ ಹೆಂಡತಿ ಬೈರಮ್ಮ. ಆರು ತಿಂಗಳಿಂದ ಅವನಿಗೆ ಭೇದಿ. ತಿಂದದ್ದು ದಕ್ಕದೆ, ಮುಖ ಸುಣ್ಣದ ಹಾಗೆ ಬಿಳುಚಿತ್ತು.

"ಬೈರಮ್ಮನೇ ಇಕ್ಕವ್ಳೆ" ಎಂದಳು ಪಿಳ್ಳಮ್ಮ. "ನೀನು ಮದ್ದು ತೆಗ್ದು ತೋರ್ಸಮ್ಮ, ಸಾಕು. ಇವತ್ತೇ ಅವಳ್ನ ಅಂಚೆಟ್ಟಿಗೆ ಅಟ್ಬುಡ್ತೀನಿ."

ಅಂಚೆಟ್ಟಿಯ ತವರಿನಲ್ಲಿ ಬೈರಮ್ಮನಿಗೆ ಯಾರೂ ಉಳಿದಿರಲಿಲ್ಲ. ಅವಳು ಅಳಲೂ ಇಲ್ಲ, ಬೇಲಿ ಹಿಡಿದು ನಿಂತಿದ್ದಳು.

ಅತ್ತೆ ಪಾಪಯ್ಯನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಕೆಂಪಿನ ಸುಳಿವೇ ಇಲ್ಲ. ನಾಲಗೆಯ ಮೇಲೆಲ್ಲ ಬಿಳಿ ಪೊರೆ. ರಸದ ಬಟ್ಟಲನ್ನು ಅತ್ತ ಸರಿಸಿ, ಸೊಂಟದ ಗಂಟು ಬಿಚ್ಚಿ, ಉಂಡೆಯನ್ನು ಪಿಳ್ಳಮ್ಮನ ಅಂಗೈಯಲ್ಲಿಟ್ಟರು.

"ಇದು ನಿನ್ ಮಗನ ಹೊಟ್ಟೇದಲ್ಲ, ನನ್ ಸೊಂಟದ್ದು. ಕೂದ್ಲು ನನ್ ಸೊಸೇದು. ಇಷ್ಟ್ ವರ್ಸ ಊರ್ಗೆಲ್ಲ ತೋರ್ಸಿದ್ದೂ ಇದನ್ನೇ. ಬೈರಮ್ಮ ಏನೂ ಇಕ್ಕಿಲ್ಲ. ವೇಲೂರಿಗೆ ಕರ್ಕೊಂಡೋಗಿ ರಕ್ತ ತೋರ್ಸು."

ಪಿಳ್ಳಮ್ಮ ಉಂಡೆಯನ್ನು ಅತ್ತೆಯ ಮುಖಕ್ಕೇ ಎಸೆದು ಹೋದಳು. ಸಂಜೆಯೊಳಗೆ ಊರೆಲ್ಲ ಉಗಿಯಿತು. ನನಗೂ ಅತ್ತೆಯ ಮೇಲೆ ಉರಿಯುವಷ್ಟು ಸಿಟ್ಟು.

ಆದರೂ ಪಾಪಯ್ಯನನ್ನು ವೇಲೂರಿಗೆ ಕರೆದೊಯ್ದರು. ಡಾಕ್ಟರು ಹೇಳಿದ ಕಾಯಿಲೆ ಏಡ್ಸ್. ರಕ್ತದಲ್ಲಿ ಕಾವಲಿರುವ ಕಣಗಳನ್ನೇ ಅದು ತಿನ್ನುತ್ತದಂತೆ, ಕರುಳು ಸೋಲುತ್ತದಂತೆ, ಮೈಯಲ್ಲಿ ರಕ್ತ ಊರುವುದೂ ನಿಲ್ಲುತ್ತದಂತೆ. ಹೊರದೇಶದಲ್ಲೊಂದು ಮಾತ್ರೆ ಇದೆ, ಇಲ್ಲಿ ಸಿಗದು. ಅದನ್ನು ತಿಂದವರಿಗೂ ರಕ್ತ ಇಳಿಯುತ್ತದೆ, ಹೊಟ್ಟೆ ತೊಳಸುತ್ತದೆ ಎಂದರಂತೆ. ಗಂಜಿ, ಉಪ್ಪು ಸಕ್ಕರೆಯ ನೀರು ಕೊಡಿ ಎಂದು ಕಳಿಸಿದರು. ಬೈರಮ್ಮ ಗುಟುಕು ಗುಟುಕಾಗಿ ಕುಡಿಸಿದಳು. ಮುಂಗಾರಿನಲ್ಲಿ ಪಾಪಯ್ಯ ಅವಳ ತೊಡೆಯ ಮೇಲೇ ಹೋದ.

ಬೈರಮ್ಮನ ರಕ್ತದಲ್ಲೂ ಅದೇ ಇತ್ತು. ಅವಳು ಮುಟ್ಟಿದ ನೀರನ್ನು ಊರು ಮುಟ್ಟಲಿಲ್ಲ. ನಮ್ಮ ಮನೆಗೂ ಯಾರೂ ಬರುತ್ತಿರಲಿಲ್ಲ.

ಮುಂದಿನ ಮಾಗಿಯ ಒಂದು ಬೆಳಗ್ಗೆ, ಮತ್ತೆ ಅದೇ ಮಂಜಿನೊಳಗಿಂದ, ಅವಳು ಚೊಂಬಿನಲ್ಲಿ ರಾಗಿ ಅಂಬಲಿ ಹಿಡಿದು ಬಂದಳು.

"ನನ್ ಕೈಲಿ ಯಾರೂ ಕುಡಿಯಲ್ಲ ಕಣಮ್ಮ" ಎಂದಳು.

"ಹುಯ್ಯವ್ವ" ಎಂದು ಅತ್ತೆ ಬೊಗಸೆ ಒಡ್ಡಿದರು. ಕೊನೆಯ ತೊಟ್ಟಿನವರೆಗೂ ಕುಡಿದರು.

ನನಗೆ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ನಾನೂ ಬೊಗಸೆ ಒಡ್ಡಿದೆ.