ಸಡಿಲ ಕಡ್ಡಿಯ ಸುದ್ದಿ

ಮಗಳಿಗೆ ದಿಂಡಿಗಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆ ನೋವು ಶುರುವಾಗಿತ್ತು. ಅಳಿಯ ಮೋಟಾರ್ ಸೈಕಲ್ ತಂದು ನಮ್ಮೂರು ತೇವಾರದಿಂದ ನನ್ನನ್ನು ಬಟ್ಟೆ ಚೀಲದ ಸಮೇತ ಹಿಂದೆ ಕೂರಿಸಿಕೊಂಡು ಹೊರಟ. ತಮಿಳುನಾಡಿನಲ್ಲಿ ನೆಲೆಸಿದ ಕನ್ನಡದವರು ನಾವು; ನಮ್ಮವರಲ್ಲಿ ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡುವಂತಿಲ್ಲ, ನಡುವೆ ಮೂರನೆಯವರು ಬೇಕು. ಗಾಡಿಯ ಮೇಲೆ ಮೂರನೆಯವರು ಎಲ್ಲಿಂದ ಬರಬೇಕು? ಹಿಂದಿನ ಚಕ್ರ ಊರು ದಾಟುವ ಮೊದಲೇ ಕಟಕಟ ಅನ್ನುತ್ತಿತ್ತು. ಬಾಯಿ ಮುಚ್ಚಿಕೊಂಡು ಕೂತೆ. ಮಾರ್ಕಯನ್‌ಕೋಟ್ಟೈ ಹತ್ತಿರ ಗಾಡಿ ಕುಡುಕನ ಹಾಗೆ ಓಲಾಡಿತು.

ಅಲ್ಲಿದ್ದ ರಿಪೇರಿಯವನು ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ನೋಡಿದ. ಅರ್ಧಕ್ಕರ್ಧ ಸಡಿಲ.

"ತೇವಾರದಿಂದ್ಲೇ ಸದ್ದು ಬತ್ತಿತ್ತು ಅಂತ ಅವರಿಗೆ ಹೇಳಪ್ಪಾ," ಅಂದೆ ಅವನಿಗೆ.

"ಆಗ್ಲೇ ಯಾಕೆ ಹೇಳ್ನಿಲ್ಲ, ಕೇಳಪ್ಪಾ," ಅಂತ ಅಳಿಯನೂ ಅವನಿಗೇ ಅಂದ.

"ಯಾರ ಹತ್ರ ಹೇಳೋದು? ದಾರೀಲಿ ಒಂದು ಎಮ್ಮೇನೂ ಸಿಗ್ನಿಲ್ಲ."

ರಿಪೇರಿಯವನಿಗೆ ಕನ್ನಡ ಬಾರದು. "ಎನ್ನ ಪಾಟ್ಟೀ?" ಏನಜ್ಜೀ, ಅಂದ. ಹೆರಿಗೆಯ ಸುದ್ದಿ, ನಮ್ಮ ಕಟ್ಟಳೆ ಎರಡನ್ನೂ ತಮಿಳಿನಲ್ಲಿ ಬಿಡಿಸಿ ಹೇಳಿದೆ. ಅವನು ನಗುತ್ತಲೇ ಕಡ್ಡಿಗಳನ್ನು ಎರಡೂ ಕಡೆ ಸಮನಾಗಿ ಬಿಗಿದ. ಇನ್ನು ಸದ್ದು ಬಂದರೆ ಆ ಚೀಲಕ್ಕಾದರೂ ಹೇಳಿಬಿಡು ಅಜ್ಜಿ, ಇಲ್ಲದಿದ್ದರೆ ಮೊಮ್ಮಗುವಿನ ಮುಖ ನೋಡಲು ನೀನು ಉಳಿಯುವುದಿಲ್ಲ ಅಂದ.

ಚಿನ್ನಮನೂರು ದಾಟಿದ ಮೇಲೆ ಮಡಿಲಿನ ಚೀಲಕ್ಕೆ ಹೇಳಿದೆ: "ಏ ಚೀಲಾ, ಚಕ್ರ ಸುಮ್ನದೆ. ಇನ್ನೂ ಬಿರ್ರನೆ ಓಡಿಸ್ಲಿ. ಅವಳು ಅಲ್ಲಿ ಒದ್ದಾಡ್ತಾ ಅವಳೆ."

ಸ್ವಲ್ಪ ದೂರ ಹೋದ ಮೇಲೆ ಅಳಿಯ ಹ್ಯಾಂಡಲಿನ ಕಡೆ ಬಗ್ಗಿದ. "ಏ ಹ್ಯಾಂಡ್ಲೇ, ಅತ್ತೆಗೆ ಗಟ್ಟಿಯಾಗಿ ಹಿಡ್ಕೊಳ್ಳೋಕೆ ಹೇಳು."

ಸೀಟಿನ ಕಂಬಿ ಹಿಡಿದುಕೊಂಡೆ.